ಒಂದು ಗೇಣು ಎತ್ತರ

ನವೆಂಬರ್ ೧೨, ಗುರುವಾರ

…ಇನ್ನು ಆನೆಯನ್ನು ಹತ್ತಿಸಿದರೂ ಅಲುಗಾಡುವುದಿಲ್ಲ ಎಂದೋ ಏನೋ ಹೇಳಿದ್ದ ಮೆಕ್ಯಾನಿಕ್. ಅದೇನೋ ನಿಜ. ಅಣ್ಣನನ್ನು ಗಾಲಿಕುರ್ಚಿ ಸಮೇತ ದಿನಾ ಅವನ ಅಂಗಡಿಗೆ ಹೊತ್ತು ಹೊತ್ತು ನನ್ನ ಬೈಕಿನ ಹಿಂದಿನ ಟ್ರೇಲರಿನ ಹಳೆಯ ಆಕ್ಸಲ್ ಬಾಗಿತ್ತು. ದಪ್ಪ ಆಕ್ಸಲ್, ದೊಡ್ಡ ಚಕ್ರ ಹಾಕಿಸಿದೆ. ಟ್ರೇಲರ್ ಒಂದು ಗೇಣು ಮೇಲೆದ್ದಿತು. ಕುರ್ಚಿ ಹತ್ತಿಸುವ ಹಲಗೆ ಈಗ ಏಣಿಯಂತೆ ನಿಲ್ಲುತ್ತದೆ. ಉದ್ದನೆಯ ಹಲಗೆ ಇಡೋಣವೆಂದರೆ ಅಂಗಳವೇ ಸಾಲದು.

ಬೆಳಿಗ್ಗೆ ನಾನು ಹಿಂದಿನಿಂದ ನೂಕಿದೆ. ಅವನು ಟ್ರೇಲರಿನ ಕಂಬಿ ಹಿಡಿದು ತನ್ನನ್ನು ಮೇಲಕ್ಕೆ ಎಳೆದುಕೊಂಡ. ಅರ್ಧಕ್ಕೆ ಬಂದಾಗ ಕಂಬಿಯಿಂದ ಕೈ ಬಿಟ್ಟುಹೋಯಿತು. ಕುರ್ಚಿ ಹಿಂದಕ್ಕೆ ಜಾರಿ ನನ್ನ ಎದೆಗೆ ಬಂದು ನಿಂತಿತು.

"ಆನೆ ಹತ್ತುತ್ತೆ ಕಣೋ, ನಾನು ಹತ್ತಲ್ಲ," ಎಂದು ನಕ್ಕ.

"ಇನ್ನೊಂದ್ಸಲ ನೋಡೋಣ, ಅಣ್ಣ."

"ಬೇಡ ಬಿಡೋ. ಅಂಗಡಿ ಮುಚ್ಚೇ ಇರ್ಲಿ."

ಆ ಬೀಗ ರಿಪೇರಿ ಅಂಗಡಿ ಬಿಟ್ಟರೆ ಅವನಿಗೆ ಹೋಗಲು ಬೇರೆ ಜಾಗವಿಲ್ಲ. ದಿನವಿಡೀ ಕಿಟಕಿಯ ಬಳಿ ಕೂತಿದ್ದ. ಬೇಸರಪಟ್ಟವನಂತೆ ಕಾಣಲಿಲ್ಲ, ನನ್ನನ್ನು ಕಾಡುತ್ತಿರುವುದು ಅದೇ. ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಇಂಥ ನಿದ್ದೆ ಅವನಿಗೆ ಬಂದು ಎಷ್ಟು ಕಾಲವಾಯಿತೋ.

ಅಣ್ಣ, ಕೈ ಜಾರಿತೇ, ಇಲ್ಲ ನೀನೇ ಬಿಟ್ಟೆಯಾ?