ಬ್ರೇಕಿಲ್ಲದ ಗಾಡಿ

ಜನವರಿ 8, ಬೆಳಿಗ್ಗೆ

ಒಲೆ ಮತ್ತೆ ಆರಿದೆ. ಹೊತ್ತಿಸುವ ಸರದಿ ಇವತ್ತು ಅತ್ತಿಗೆಯದು. ಆದರೆ ಅವರು ಕಂಬಳಿಯೊಳಗಿಂದಲೇ ಆಜ್ಞೆ ಹೊರಡಿಸುತ್ತಿದ್ದಾರೆ — ಕಾಗದ ಮೊದಲು, ಕಡ್ಡಿ ಆಮೇಲೆ, ಊದಬೇಡ, ಬಾಗಿಲು ಮುಚ್ಚು. ಇವರ ಅಕ್ಕ. ಜೀವನವಿಡೀ ಪಿ.ಟಿ. ಟೀಚರ್ ಆಗಿದ್ದವರು. ಈ ದೋಣಿ ರಜೆ ಹುಟ್ಟಿದ್ದೂ ಅವರ ತಲೆಯಲ್ಲೇ. "ಚಳಿಗಾಲದಲ್ಲಿ ಬಾಡಿಗೆ ಅರ್ಧ, ಕಾಲುವೆಯಲ್ಲಿ ಒಂದು ನರಪಿಳ್ಳೆ ಇರಲ್ಲ, ಬಾಯ್ಮುಚ್ಕೊಂಡು ಬನ್ನಿ" ಅಂದರು. ಬಂದೆವು.

ಕಿಟಕಿಯ ಒಳಮೈಯಲ್ಲೂ ಮಂಜು. ಹೊರಗೆ ನೀರಿನ ಅಂಚಿಗೆ ಹಾಲಿನ ಕೆನೆಯಷ್ಟು ತೆಳ್ಳಗೆ ಐಸು ಕಟ್ಟಿದೆ. ದೋಣಿ ನಮ್ಮ ಬಸ್ಸಿಗಿಂತ ಉದ್ದ, ಅಗಲ ಮಾತ್ರ ಕಮ್ಮಿ. ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ನನಗದು ರೂಢಿ. ಕಂಡಕ್ಟರ್ ಆಗಿ ಅಷ್ಟೂ ಕಲಿಯದಿದ್ದರೆ ಹೇಗೆ.

ನಿನ್ನೆ ದೋಣಿಯ ಮಾಲೀಕ ಅರ್ಧ ಗಂಟೆ ಪಾಠ ಮಾಡಿದ. ಮೂವರಲ್ಲಿ ಗಂಡಸು ಒಬ್ಬರೇ ಎಂದು ಚುಕ್ಕಾಣಿಯ ಕೋಲನ್ನು ಸೀದಾ ಇವರ ಕೈಗೆ ಕೊಟ್ಟ. ಇವರು ಕಾದ ಪಾತ್ರೆ ಮುಟ್ಟಿದವರ ಹಾಗೆ ಕೈ ತೆಗೆದುಬಿಟ್ಟರು.

"ಇವಳು ಓಡಿಸ್ತಾಳೆ."

ನಾನು! ಸೈಕಲ್ಲನ್ನೂ ತುಳಿಯದವಳು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ ಪಕ್ಕದಲ್ಲಿ ನಿಂತು ನೀರು ನೋಡುತ್ತಿದ್ದರು.

ಅದೇ ದಿನ, ಸಂಜೆ

ಓಡಿಸಿದೆ! ಕೋಲು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಯಾವ ಪುಣ್ಯಾತ್ಮ ಕಂಡುಹಿಡಿದನೋ. ದಡಕ್ಕೆ ಎಷ್ಟು ಸಲ ಗುದ್ದಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ವೇಗ ನಡೆಯುವಷ್ಟೇ. ದಡದ ಮೇಲೆ ಒಬ್ಬಾಕೆ ನಾಯಿ ಕರೆದುಕೊಂಡು ಹೋಗುತ್ತಿದ್ದಳು. ಅವಳೇ ನಮ್ಮನ್ನು ಹಿಂದೆ ಹಾಕಿದಳು.

ಇವರು ಮುಂಭಾಗದಲ್ಲಿ ಕುಳಿತಿದ್ದರು. ಪ್ರತಿ ಸೇತುವೆ ಬಂದಾಗಲೂ ಬಲಗಾಲು ನೆಲ ಒತ್ತುತ್ತದೆ. ಇವರಿಗೇ ಗೊತ್ತಾಗುವುದಿಲ್ಲ. ಅತ್ತಿಗೆಗೆ ಗೊತ್ತಾಯಿತು.

"ಏನೋ ಅದು, ಜಿರಳೆ ತುಳೀತಿದ್ದೀಯಾ?"

ಎದ್ದು ಒಳಗೆ ಹೋದರು.

ಹೋದ ಜುಲೈಯಲ್ಲಿ ಆದದ್ದು. ನಿಂತಿದ್ದ ತರಕಾರಿ ವ್ಯಾನಿನ ಹಿಂದಿನಿಂದ ಒಬ್ಬ ಅಜ್ಜ ಸರಕ್ಕನೆ ರಸ್ತೆಗಿಳಿದರು. ಇವರ ಬಸ್ಸಿಗೆ ಸಿಕ್ಕಿ ಕಾಲು ಮುರಿಯಿತು. ಈಗ ಅಜ್ಜ ಊರುಗೋಲು ಹಿಡಿದು ಓಡಾಡುತ್ತಾರೆ. ಇವರು ಹಣ್ಣು ತೆಗೆದುಕೊಂಡು ನೋಡಲು ಹೋದರೆ ಇವರಿಗೇ ಸಮಾಧಾನ ಹೇಳಿ ಕಳಿಸುತ್ತಾರೆ. ವಿಚಾರಣೆಯಲ್ಲೂ ಡ್ರೈವರ್ ತಪ್ಪಿಲ್ಲ ಎಂದಾಯಿತು. ಆದರೂ ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಡಿಪೋ ಸ್ಟೋರಿನಲ್ಲಿ ಟೈರು ಎಣಿಸಿಕೊಂಡಿದ್ದಾರೆ. ಮುಂದಿನ ಸೋಮವಾರ ಮ್ಯಾನೇಜರಿಗೆ ಉತ್ತರ ಹೇಳಬೇಕು — ಮತ್ತೆ ಬಸ್ಸಿಗೋ, ಕಾಯಮ್ಮಾಗಿ ಸ್ಟೋರಿಗೋ.

ಅವತ್ತು ನಾನೂ ಅದೇ ಬಸ್ಸಿನಲ್ಲಿದ್ದೆ. ಹಿಂದೆ ನಿಂತು ಟಿಕೆಟ್ ಕೊಡುತ್ತಿದ್ದೆ. ಬ್ರೇಕ್ ಬಿದ್ದಾಗ ಸೀಟುಗಳ ನಡುವೆ ಮುಂದಕ್ಕೆ ಉರುಳಿದೆ, ಮೊಣಕೈ ಮೂಳೆ ಬಿರುಕು ಬಿಟ್ಟಿತು. ಇವರಿಗೆ ಬಚ್ಚಲಲ್ಲಿ ಜಾರಿದೆ ಅಂತ ಹೇಳಿದ್ದೇನೆ. ಇದ್ದ ಹೊರೆಯೇ ಸಾಕಾಗಿತ್ತು. ಈ ಚಳಿಗೆ ಆ ಮೊಣಕೈ ಹಿಡಿದುಕೊಂಡಿದೆ.

ಜನವರಿ 9

ದಟ್ಟ ಮಂಜು. ದೋಣಿ ಬಿಚ್ಚಲೇ ಇಲ್ಲ. ಅತ್ತಿಗೆ ನಮ್ಮಿಬ್ಬರನ್ನೂ ದಡದ ಮೇಲೆ ನಿಲ್ಲಿಸಿ ಕೈಕಾಲು ಆಡಿಸುವ ಕವಾಯತು ಮಾಡಿಸಿದರು. "ಮೊಣಕಾಲು ಮೇಲೆ! ಇನ್ನೂ ಮೇಲೆ!" ಅವರ ಮೊಣಕಾಲು ಕೆಟ್ಟು ಎರಡು ವರ್ಷವಾಯಿತು, ಆದ್ದರಿಂದ ಅವರಿಗೆ ವಿನಾಯಿತಿ.

ಮಧ್ಯಾಹ್ನ ಸೂಪು ಕುಡಿಯುತ್ತಾ ಧೈರ್ಯ ಮಾಡಿ ಕೇಳಿದೆ.

"ಸೋಮವಾರ ಏನು ಹೇಳ್ತೀರಿ?"

"ಸ್ಟೋರೇ ಚೆನ್ನಾಗಿದೆ. ಟೈರು ರಸ್ತೆಗೆ ಅಡ್ಡ ಬರಲ್ಲ."

"ನಿಮಗೆ ಚೆನ್ನಾಗಿದೆಯಾ?"

"ಯಾರಿಗೂ ನೋವಾಗಲ್ಲ ಕಣೇ. ಅಷ್ಟು ಸಾಲದಾ?"

ಸಾಲದು. ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೊಸ ಡ್ರೈವರ್ ಒಳ್ಳೆಯವನು, ಮಾತು ಕಮ್ಮಿ, ಟೈಮಿಗೆ ಸರಿಯಾಗಿ ಬರುತ್ತಾನೆ. ಆದರೆ ನಾನು ರೈಟ್ ಅಂದರೆ ಕನ್ನಡಿಯಲ್ಲಿ ಒಮ್ಮೆ ನೋಡಿ ಹುಬ್ಬು ಹಾರಿಸುವವರು ಇವರೊಬ್ಬರೇ. ನನಗೆ ನನ್ನ ಡ್ರೈವರ್ ಬೇಕು. ಇದು ಸ್ವಾರ್ಥವೇ ಇರಬಹುದು. ಇರಲಿ.

ಜನವರಿ 12

ಎರಡು ದಿನ ಬರೆಯಲಿಲ್ಲ. ಹತ್ತರಂದು ಬರೆಯುವಂಥದ್ದು ಏನೂ ಆಗಲಿಲ್ಲ. ನಿನ್ನೆ ಆದದ್ದು ನಿನ್ನೆಯೇ ಬರೆಯುವಂಥದ್ದಾಗಿರಲಿಲ್ಲ.

ನಿನ್ನೆ ಮಂಜು ಹರಿದು ಗಾಳಿ ಶುರುವಾಗಿತ್ತು. ಒಂದು ತಿರುವಿನ ಹತ್ತಿರ ದೋಣಿ ಕಟ್ಟೋಣ ಎಂದು ಅತ್ತಿಗೆ ಹಗ್ಗ ಹಿಡಿದು ದಡಕ್ಕಿಳಿದರು. ಇವರು ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದರು. ಗಾಳಿ ಬೀಸಿತು ನೋಡಿ, ದೋಣಿ ಅಡ್ಡ ತಿರುಗಿತು. ಹಗ್ಗ ಅತ್ತಿಗೆಯ ಕೈಯಲ್ಲಿ ಸರಸರ ಜಾರುತ್ತಿದೆ. ಮುಂದೆ ಒಂದು ಹಸಿರು ದೋಣಿ ಕಟ್ಟಿಹಾಕಿದ್ದಾರೆ, ಅದರ ಚಿಮಣಿಯಲ್ಲಿ ಹೊಗೆ — ಅಂದರೆ ಒಳಗೆ ಜನ ಇದ್ದಾರೆ. ಗಾಬರಿಯಲ್ಲಿ ಕೋಲನ್ನು ತಪ್ಪು ಕಡೆಗೆ ತಳ್ಳಿದೆ. ಆಮೇಲೆ ಬಾಯಿಂದ ಬಂದದ್ದು ಬಸ್ಸು ನಿಲ್ಲಿಸುವ ಕೂಗೊಂದೇ.

"ಹೋಲ್ಡಾನ್! ಹೋಲ್ಡಾನ್!"

ಯಾರಿಗೆ ಹೇಳಿದೆನೋ. ಕಾಲುವೆಗೋ, ಗಾಳಿಗೋ.

ಇವರು ಮೆಟ್ಟಿಲು ಹಾರಿ ಬಂದರು. ಒಂದು ಕೈಯಲ್ಲಿ ಆಲೂಗಡ್ಡೆ. ನನ್ನನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಬಲಗಾಲಿನಿಂದ ಹಲಗೆಯನ್ನು ಮೈಯ ಭಾರವೆಲ್ಲ ಹಾಕಿ ತುಳಿದರು. ಬ್ರೇಕ್! ದೋಣಿಗೆ!

ದೋಣಿ ತನ್ನ ಪಾಡಿಗೆ ಗಂಭೀರವಾಗಿ ಮುಂದೆ ಹೋಗಿ — ಢಂ.

ಹಸಿರು ದೋಣಿಯಿಂದ ಒಬ್ಬ ಗಡ್ಡದವರು ಹೊರಬಂದರು. ಸ್ವೆಟರ್ ತುಂಬ ಚಹಾ. ಇವರ ಮುಖ ಬಿಳಿಚಿಕೊಂಡಿತ್ತು. "ಕ್ಷಮಿಸಿ... ಬ್ರೇಕ್ ಹಾಕ್ದೆ... ಪೂರ್ತಿ ಹಾಕ್ದೆ..."

"ಬ್ರೇಕಾ? ದೋಣಿಗೆ ಬ್ರೇಕ್ ಎಲ್ರೀ ಇದೆ?" ಗಡ್ಡದವರು ಬಿದ್ದು ಬಿದ್ದು ನಕ್ಕರು. "ಈ ತಿರುವಲ್ಲಿ ಎಲ್ರೂ ನನಗೇ ಗುದ್ದೋದು. ಬನ್ನಿ, ಚಹಾ ಕುಡೀರಿ. ನಂದು ಹೇಗೂ ಚೆಲ್ಲಿ ಹೋಯ್ತು."

ಇವರೂ ನಗತೊಡಗಿದರು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ. ನಗುತ್ತಾ ನಗುತ್ತಾ ಅದು ಅಳುವಾಯಿತು. ಆಲೂಗಡ್ಡೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದರು.

"ಅವತ್ತು ತುಳಿದ್ನೋ ಇಲ್ವೋ, ನೆನಪೇ ಇಲ್ಲ ಕಣೇ. ಅಜ್ಜ ಕಾಣಿಸಿದ್ದು ನೆನಪಿದೆ. ಸದ್ದು ನೆನಪಿದೆ. ಮಧ್ಯದ್ದಿಲ್ಲ. ವಿಚಾರಣೆಯವ್ರು ಹಾಕಿದ್ರಿ ಅಂತಾರೆ. ಅವರಿಗೇನು ಗೊತ್ತು? ನನ್ನ ಕಾಲಿಗೇ ಗೊತ್ತಿಲ್ಲ."

ಇದು. ಆರು ತಿಂಗಳಿಂದ ಒಳಗೊಳಗೇ ಇವರನ್ನು ತಿಂದದ್ದು ಇದು. ನನಗೆ ಗೊತ್ತೇ ಇರಲಿಲ್ಲ.

ಸ್ವೆಟರಿನ ತೋಳು ಮೇಲಕ್ಕೇರಿಸಿ ಮೊಣಕೈ ಅವರ ಮುಂದೆ ಹಿಡಿದೆ.

"ಬಚ್ಚಲಲ್ಲ ರೀ. ಬಸ್ಸು. ಅವತ್ತು ಕಡೇ ಸೀಟಿನ ಹತ್ರ ನಿಂತಿದ್ದೆ. ಬಂದು ಬಿದ್ದಿದ್ದು ನಿಮ್ಮ ಬೆನ್ನ ಹಿಂದಿನ ಕಂಬಿಗೆ. ನೀವು ತುಳೀದೇ ಇದ್ದಿದ್ರೆ ನಾನೇನು ಶೋಕಿಗೆ ಹಾರಿಬಂದ್ನಾ?"

ಮೂಳೆ ಉಬ್ಬಿದ ಜಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಮತ್ತೆ ಒತ್ತಿದರು. ನೋವಾಯಿತು, ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಇವರಿಗೆ ಸಿಟ್ಟು ನೆತ್ತಿಗೇರಿತು.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಬಿಟ್ರಾ?"

ದಡದಿಂದ ಅತ್ತಿಗೆಯ ಗಂಟಲು ಕೇಳಿತು. "ಜಗಳ ಆಮೇಲಾಡಿ! ಮೊದ್ಲು ಈ ಹಗ್ಗ ಯಾರಾದ್ರೂ ಹಿಡೀರಿ, ಕೈ ಮರಗಟ್ಟಿ ಹೋಯ್ತು!"

ಗಡ್ಡದವರ ದೋಣಿಯಲ್ಲಿ ಚಹಾ ಕುಡಿದೆವು. ನಿಲ್ಲಿಸಬೇಕಾದರೆ ಎಂಜಿನ್ನನ್ನು ರಿವರ್ಸಿಗೆ ಹಾಕಬೇಕಂತೆ, ಅದೂ ಬಹಳ ಮುಂಚೆಯೇ. ದೋಣಿ ಮಾಲೀಕನೂ ಇದನ್ನು ಹೇಳಿರಬೇಕು, ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವರು ಸಾಲುಸಾಲು ಪ್ರಶ್ನೆ ಕೇಳಿದರು. ಗೇರ್ ಎಲ್ಲಿ, ಎಷ್ಟು ಹೊತ್ತು, ಗಾಳಿ ಇದ್ದರೆ ಹೇಗೆ. ಕೇಳುವಾಗ ಕೈ ಗಾಳಿಯಲ್ಲೇ ಕೋಲು ತಿರುಗಿಸುತ್ತಿತ್ತು. ನೋಡಿಯೂ ನೋಡದ ಹಾಗೆ ಇದ್ದೆ.

ಜನವರಿ 13, ಬೆಳಿಗ್ಗೆ

ಬಿಸಿಲು. ಈ ರಜೆಯಲ್ಲಿ ಮೊದಲ ಸಲ. ಬೋಳು ಮರಗಳ ನೆರಳು ನೀರಿನ ಮೇಲೆ ಗೆರೆ ಎಳೆದ ಹಾಗೆ ಬಿದ್ದಿದೆ.

ನಿನ್ನೆ ಮಧ್ಯಾಹ್ನದಿಂದ ಕೋಲು ಇವರ ಕೈಯಲ್ಲಿದೆ. ಮೊದಲ ಸೇತುವೆಯ ಹತ್ತಿರ ನಿಂತೇಬಿಟ್ಟೆವೇನೋ ಅನ್ನುವಷ್ಟು ನಿಧಾನ ಮಾಡಿದರು. ಎರಡನೆಯದಕ್ಕೆ ಹಾರ್ನ್ ಹೊಡೆದರು. ಕಾಲುವೆಯಲ್ಲಿ ಬಾತುಕೋಳಿ ಬಿಟ್ಟರೆ ಯಾರೂ ಇರಲಿಲ್ಲ. "ದಾರಿ ಬಿಡ್ರಪ್ಪಾ" ಎಂದು ಅವಕ್ಕೂ ಒಂದು ಮಾತು. ಕಾಲು ಇನ್ನೂ ಹಲಗೆ ಒತ್ತುತ್ತದೆ. ಒತ್ತಲಿ ಬಿಡಿ.

ಕಾಫಿ ಕೊಟ್ಟಾಗ ತಾವಾಗಿಯೇ ಹೇಳಿದರು.

"ಸೋಮವಾರ ಒಂದು ಖಾಲಿ ಬಸ್ಸು ಕೇಳ್ತೀನಿ. ಡಿಪೋ ಒಳಗೇ ಎರಡು ಸುತ್ತು. ಆಮೇಲೆ ನೋಡೋಣ. ನೀನೂ ಹತ್ತು."

"ಖಾಲಿ ಬಸ್ಸಿಗೆ ಕಂಡಕ್ಟರ್ ಯಾಕೆ?"

"ಬ್ರೇಕ್ ಹಾಕಿದ್ರೆ ಬೀಳೋದಕ್ಕೆ ಒಬ್ರು ಬೇಕಲ್ಲ."

ಕಾಫಿ ಮೂಗಿಗೇರಿತು. ಬೆನ್ನಿಗೊಂದು ಗುದ್ದುವುದಿತ್ತು, ಮೊಣಕೈ ನೆನಪಾಗಿ ಕೈ ಕೆಳಗಿಳಿಸಿದೆ.

ಹೊರಗೆ ಎಂಜಿನ್ ಸದ್ದು. ಹಗ್ಗ ಬಿಚ್ಚಲು ಅತ್ತಿಗೆ ದಡಕ್ಕಿಳಿದಿದ್ದಾರೆ. ಕಿಟಕಿಯಲ್ಲಿ ಒಂದು ಮರ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದೆ... ಅಯ್ಯೋ, ಮರ ಎಲ್ಲಿ ಹೋಗುತ್ತದೆ, ನಾವೇ ಹೊರಟಿದ್ದೇವೆ! ಅತ್ತಿಗೆ ದಡದ ಮೇಲೆ ಕುಂಟಿಕೊಂಡು ಓಡುತ್ತಾ ಸೀಟಿ ಊದುತ್ತಿದ್ದಾರೆ. ನಾನಿನ್ನೂ ರೈಟ್ ಅಂದೇ ಇಲ್ಲ, ಈ ಮನುಷ್ಯ ಆಗಲೇ —