ಬಿಸಿನೀರಲ್ಲಿ ಕದಡಿದ ಲಸಿಕೆ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯ ಮೆಣಸಿನಕಾಯಿಗೆ,

ಅತ್ತಿಗೆಯ ಪ್ರೀತಿ, ಜೊತೆಗೆ ಒಂದಿಷ್ಟು ಬೈಗುಳ. ನಿನ್ನ ಕಾಗದ ನಿನ್ನೆ ಕೈಸೇರಿತು. ಮೊದಲ ಸಲ ಓದಿದಾಗ ಅಳು ಬಂತು, ಎರಡನೇ ಸಲ ಸಿಟ್ಟು ಬಂತು. ಲ್ಯಾಬಿನ ಕೆಲಸ ಬಿಡುತ್ತೀಯಂತೆ! "ನನ್ನ ಅತ್ತಿಗೆಯ ಗರ್ಭಕೊರಳಿನ ಮಚ್ಚೆಯನ್ನೇ ಕರಗಿಸಲಾಗದ ಲಸಿಕೆಯನ್ನು ಇನ್ನೂ ತಿದ್ದುತ್ತಾ ಕೂರಲು ನನಗೆ ಯಾವ ಮುಖವಿದೆ?" ಎಂದು ಬರೆದಿದ್ದೀಯ. ಮುಖ ಚೆನ್ನಾಗಿಯೇ ಇದೆ. ಅದನ್ನು ತೊಳೆದುಕೊಂಡು ಬಂದು ಇದನ್ನು ಪೂರ್ತಿ ಓದು.

ಬುಧವಾರ ನನ್ನ ಆಪರೇಷನ್. ಮಚ್ಚೆ ಇರುವಷ್ಟು ಭಾಗವನ್ನು ತೆಗೆದು ಸಂಜೆಗೆ ಮನೆಗೆ ಕಳಿಸುತ್ತಾರಂತೆ. ಇನ್ನೂ ಕ್ಯಾನ್ಸರ್ ಆಗಿಲ್ಲ, ಆಗಲು ಬಿಡುವುದೂ ಇಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಹೆದರಿಕೆಯಿಲ್ಲ ಎಂದರೆ ಸುಳ್ಳು. ಆದರೆ ಮಚ್ಚೆ ಇದೆಯೆಂದು ಗೊತ್ತಾಗದೇ ಹೋಗಿದ್ದರೆ?

ನನಗೆ ನೋವಿರಲಿಲ್ಲ, ಸುಸ್ತಿರಲಿಲ್ಲ. ರಜೆಗೆಂದು ಬಂದ ನೀನು ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೆನ್ನು ಬಿದ್ದೆ. ನಾನು ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳ ರಾಶಿಯ ಮುಂದೆ ನಿಂತಿದ್ದಾಗ ಅಲ್ಲಿಗೂ ಬಂದು, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು, "ಅತ್ತಿಗೆ, ನೀವು ಹೊರಟು ಬರೋ ತನಕ ನಾನಿದನ್ನ ವಾಪಸ್ ಹಾಕಲ್ಲ" ಎಂದೆ. ಮಾಲೀಕರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವತ್ತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ನಿನಗೆ ಶಾಪ ಹಾಕಿದ್ದೆ. ಅಷ್ಟನ್ನೂ ವಾಪಸು ತೆಗೆದುಕೊಂಡಿದ್ದೇನೆ.

ಪರೀಕ್ಷೆಯಲ್ಲಿ ಮಚ್ಚೆ ಸಿಕ್ಕ ಮೇಲೆ ನಿಮ್ಮ ಲಸಿಕೆಯ ಪುಡಿಯ ಬಗ್ಗೆ ನೀನೇ ಬಿಡಿಸಿ ಹೇಳಿದ್ದೆ. ಮೊಸರಿನಲ್ಲಿರುವಂಥದೇ ಸೂಕ್ಷ್ಮಜೀವಿಗೆ ಈ ಮಚ್ಚೆ ತರುವ ವೈರಸ್ಸಿನ ಒಂದು ತುಣುಕನ್ನು ಹೊರಿಸಿ ಕರುಳಿಗೆ ಕಳಿಸುವುದು. ದೇಹದ ಕಾವಲುಗಾರರು ಅಲ್ಲಿ ಅದರ ಗುರುತು ಹಿಡಿದು, ಗರ್ಭಕೊರಳಿನವರೆಗೂ ಹೋಗಿ ಕೆಟ್ಟ ಕೋಶಗಳನ್ನು ಹುಡುಕಿ ಮುಗಿಸುವುದು. ಸೂಜಿಯಿಲ್ಲ, ಕತ್ತರಿಯಿಲ್ಲ. ಕೇಳಿದ ಕೂಡಲೇ ಆ ಪ್ರಯೋಗಕ್ಕೆ ಒಪ್ಪಿಕೊಂಡೆ.

ಈಗ ನಿನ್ನನ್ನು ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಪೊಟ್ಟಣದ ಮೇಲೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕದಡಿ ಕುಡಿಯಿರಿ ಎಂದು ಬರೆದವಳು ನೀನು. ತಣ್ಣನೆಯ ನೀರು ಎಂದು ಬರೆಯಲಿಲ್ಲ, ನಿಜ. ಆದರೆ ಬಿಸಿನೀರಲ್ಲಿ ಕದಡಿದವಳು ನಾನಲ್ಲವೇ? ಆ ಜಾಗದ ಕಾಯಿಲೆಯ ಮಾತು ಕಟ್ಟಿಕೊಂಡ ಗಂಡನ ಎದುರೂ ನನ್ನ ಬಾಯಿಂದ ಹೊರಡಲಿಲ್ಲ. ಇದು ಗ್ಯಾಸಿನ ಪುಡಿ ಎಂದುಬಿಟ್ಟೆ. ನಿಮ್ಮಣ್ಣನ ಪಾಲಿಗೆ ಗ್ಯಾಸಿಗೆ ಬಿಸಿನೀರೇ ದೇವರು. ನಾನು ಏಳುವ ಮೊದಲೇ ಹೊಗೆಯಾಡುವ ಲೋಟ ಹಿಡಿದು ನಿಂತಿರುತ್ತಿದ್ದರು. ಮದುವೆಯಾದಾಗಿನಿಂದ ಅಡುಗೆಮನೆಯ ಕಡೆ ತಲೆ ಹಾಕದ ಮಹಾರಾಯರು! ಬೇಡ ಎನ್ನಲು ಮನಸ್ಸಾಗಲಿಲ್ಲ. ಪುಡಿಯನ್ನು ಅದರಲ್ಲೇ ಕದಡಿ, ಊದಿ ಊದಿ ಕುಡಿದೆ. ನೀವು ಅಷ್ಟು ಜತನದಿಂದ ಸಾಕಿ ಕಳಿಸಿದ ಜೀವಿಗಳು ಲೋಟದಲ್ಲೇ ಬೆಂದುಹೋಗಿರಬೇಕು.

ಮಚ್ಚೆ ಕರಗಲಿಲ್ಲವೆಂದು ಗೊತ್ತಾದ ದಿನ ನರ್ಸಮ್ಮ ಪಕ್ಕದಲ್ಲಿ ಕೂತು, ದಿನವೂ ಹೇಗೆ ಕುಡಿದಿರಿ ಎಂದು ಒಂದೊಂದಾಗಿ ಕೇಳಿದಾಗಲೇ ಇದು ಹೊರಬಿದ್ದದ್ದು. ಅವರು ಗದರಲಿಲ್ಲ. ಪ್ರಯೋಗದಲ್ಲಿದ್ದ ಉಳಿದ ಹೆಂಗಸರನ್ನೂ ವಿಚಾರಿಸಿದರು. ಬಿಸಿ ಚಹಾಕ್ಕೆ ಬೆರೆಸಿಕೊಂಡವರೂ ಸಿಕ್ಕರು. ಬಿಸಿಯಿಂದಲೇ ಹೀಗಾಯಿತೋ, ಹೊಟ್ಟೆಯ ಆಮ್ಲವೂ ಸೇರಿಕೊಂಡಿತೋ ಖಚಿತವಿಲ್ಲ, ಹೊಸ ಪುಡಿಗೆ ಎರಡನ್ನೂ ತಡೆಯುವ ಹೊದಿಕೆ ಕೊಡಲು ಹೊರಟಿದ್ದೇವೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ನಾನು ಕುಡಿದದ್ದು ದಂಡವಾಯಿತೆಂದು ಯಾಕೆ ಲೆಕ್ಕ ಹಾಕುತ್ತೀ?

ಅವತ್ತೇ ನಿಮ್ಮಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಎದ್ದು ಬಂದು ನನ್ನ ಪಕ್ಕ ಕೂತರು. ಆಮೇಲೆ, "ನನ್ನ ಹತ್ರ ಹೇಳೋಕೆ ಅಷ್ಟು ಕಷ್ಟ ಆಯ್ತಾ ನಿನಗೆ?" ಎಂದು ಕೇಳಿ ನನ್ನ ಕೈ ಹಿಡಿದುಕೊಂಡರು. ಬುಧವಾರಕ್ಕೆ ಈಗಲೇ ರಜೆ ಹಾಕಿದ್ದಾರೆ. ನಿನ್ನ ಪುಡಿ ಮಚ್ಚೆಯನ್ನು ಕರಗಿಸದಿದ್ದರೂ ನಮ್ಮಿಬ್ಬರ ನಡುವೆ ಗಂಟು ಕಟ್ಟಿದ್ದ ಏನನ್ನೋ ಕರಗಿಸಿತು. ನಿನ್ನ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ನನಗಿಲ್ಲ.

ನೀನು ಪ್ಲಗ್ ಕಿತ್ತದ್ದರಿಂದ ಉಳಿದುಕೊಂಡಿರುವ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಹೇಳಬೇಡವೆಂದು ನಿಮ್ಮಮ್ಮ ನನ್ನಿಂದ ಆಣೆ ಮಾಡಿಸಿಕೊಂಡದ್ದು. ಆದರೆ ಮುಚ್ಚಿಟ್ಟರೆ ಏನಾಗುತ್ತದೆಂದು ಕಂಡವಳು ನಾನು, ಆಣೆ ಮುರಿಯುತ್ತಿದ್ದೇನೆ. ನನ್ನ ಕಥೆ ಕೇಳಿದ ಮೇಲೆ ಅತ್ತೆ ಯಾರಿಗೂ ಹೇಳದೆ ಒಬ್ಬರೇ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಅವರಿಗೂ ಅಂಥದೇ ಮಚ್ಚೆ ಇದೆ. ಇನ್ನೂ ಚಿಕ್ಕದು, ಕಣ್ಣಿಟ್ಟುಕೊಂಡು ಸ್ವಲ್ಪ ಕಾಲ ಕಾಯಬಹುದಂತೆ. "ನನ್ನ ಮಗಳು ಮಾಡಿದ್ದನ್ನೇ ಕುಡೀತೀನಿ" ಎಂದು ನಿಮ್ಮ ಹೊಸ ಪುಡಿಗೆ ಹೆಸರು ಬರೆಸಿ ಬಂದಿದ್ದಾರೆ. ಇದನ್ನು ಓದಿದ ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಹೋಗು.