ಅಳಿಯಂದಿರ ವೇಪ್ ಮತ್ತು ನಾನು

ಶಿವನೇ ಗತಿ

ಪೇರ್ಲ್ಯಾಂಡ್, ಟೆಕ್ಸಾಸ್
12-5-2025, ಸೋಮವಾರ

ಚಿ. ಸೌ. ತ್ರಿವೇಣಿಗೆ ನಿನ್ನ ಅವ್ವನ ಆಶೀರ್ವಾದ.

ನಾನೂ ನಿನ್ನ ಗಂಡನೂ ಇಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಡಲ್ಲಾಸಿನಲ್ಲಿ ನೀನು, ಅನಘಾ, ಕೂಸು ಎಲ್ಲರೂ ಕ್ಷೇಮವೆಂದು ಪ್ರಥಮ್ ಹೇಳಿದ. ಮಗಳ ಸಮಾಚಾರವನ್ನು ಮೊಮ್ಮಗನ ಬಾಯಿಂದ ಕೇಳಬೇಕಾಯಿತು, ಏಕೆಂದರೆ ನೀನು ನನ್ನ ಫೋನ್ ಎತ್ತಿ ಎಂಟು ದಿನ ಆಯಿತು. ನಾನೂ ತಡಮಾಡಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಕೋಪ ಇಳಿದ ಮೇಲೆ ಬರೆಯೋಣ ಎಂದು ಕಾದೆ. ನಿನ್ನ ಕೋಪ ಅಲ್ಲ, ನನ್ನದು. ಇಳಿಯಲೇ ಇಲ್ಲ. ಇನ್ನು ಕಾದರೆ ನಾಮಕರಣವೇ ಮುಗಿದುಹೋಗುತ್ತದೆ ಎಂದು ಹಾಗೇ ಕೂತಿದ್ದೇನೆ.

ಫೋನಿನಲ್ಲಾದರೆ ನಾನು ಒಂದು ಮಾತಾಡಿದರೆ ನೀನು ನಾಲ್ಕಾಡಿ ಕಟ್ ಮಾಡುತ್ತೀ. ಕಾಗದದ ಬಾಯನ್ನು ಹಾಗೆ ಮುಚ್ಚಿಸಲು ಆಗುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಎಂದು ಮೂಗು ಮುರಿಯದೆ ಕೊನೆಯ ತನಕ ಓದು. ಲಕೋಟೆಯ ಮೇಲಿನ ಇಂಗ್ಲಿಷ್ ವಿಳಾಸ ನಿನ್ನ ಗಂಡ ಬರೆದದ್ದು. ಒಳಗೇನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲು ಆ ಫೋಟೋ ವಿಷಯ. ಸೋಮವಾರದ ಪೂಜೆಗೆ ನಾನು ಭಾನುವಾರವೇ ದೀಪ ತೊಳೆದಿಡುವುದು ನಿನಗೆ ಗೊತ್ತು. ಹೋದ ಭಾನುವಾರ ಸಿಂಕಿನ ಈ ಪಕ್ಕದಲ್ಲಿ ಹುಣಸೆಹಣ್ಣು ತಿಕ್ಕಿದ ದೀಪಗಳು, ಆ ಪಕ್ಕದಲ್ಲಿ ಟಿಶ್ಯೂ ಹಾಸಿ ಬಿಚ್ಚಿಟ್ಟ ನಿನ್ನ ಗಂಡನ ವೇಪ್, ಆ ಬ್ಯಾಟರಿ ಸಿಗರೇಟು. ಪ್ರಥಮ್ ಆಸ್ಟಿನ್ನಿನಿಂದ ಬಂದವನು ಶೂ ಕೂಡ ಬಿಚ್ಚದೆ ಅಡಿಗೆಮನೆಗೆ ನುಗ್ಗಿದ.

"ಅಜ್ಜೀ! ವಾಟ್ ಇಸ್ ದಿಸ್? ಇದು ಡ್ಯಾಡ್‌ದಾ?"

"ಅಲ್ಲ, ನಂದು. ದಿನಾ ಸಂಜೆ ಸೇದ್ತೀನಿ. ನಿಂಗೂ ಒಂದು ದಮ್ಮು ಬೇಕಾ?" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಕೈ ಒರೆಸಿಕೊಳ್ಳುವುದರೊಳಗೆ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿಯೂ ಆಗಿತ್ತು. ಹಿಂದೆಯೇ ನಿನ್ನ ಫೋನ್. "ಅವ್ವ, ನಿನ್ನನ್ನ ಅಲ್ಲಿ ಬಿಟ್ಟು ಬಂದಿದ್ದು ಅವರನ್ನ ಕಾಯೋಕೆ. ನೀನೇ ಆ ದರಿದ್ರಾನ ದೇವರ ದೀಪದ ಪಕ್ಕ ಇಟ್ಕೊಂಡು ತೊಳೀತಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದೆ ನೀನು. ಆಗಲ್ಲ ಎಂದೆ ನಾನು. ಈಗಲೂ ಅದನ್ನೇ ಹೇಳುತ್ತೇನೆ, ಆಗಲ್ಲ. ಸಿಂಕ್ ಒಂದೇ ಆದರೂ ಬ್ರಷ್ ಬೇರೆ ಬೇರೆ. ದೇವರಿಗೆ ಅಭ್ಯಂತರ ಇದ್ದಿದ್ದರೆ ಇಷ್ಟು ಹೊತ್ತಿಗೆ ತಿಳಿಸುತ್ತಿದ್ದ.

ಜನವರಿಯಲ್ಲಿ ಕಾರಿನ ಸೀಟಿನ ಕೆಳಗೆ ಸಿಗರೇಟ್ ಪ್ಯಾಕ್ ಸಿಕ್ಕಿದಾಗ ನೀನು ಕುಣಿದದ್ದು ಸರಿ. ಮದುವೆಯಾಗಿ ಮೂವತ್ತೊಂದು ವರ್ಷ ಹೆಂಡತಿಗೆ ತಿಳಿಯದ ಹಾಗೆ ಸೇದಿದ ಗಂಡಸಿಗೆ ಅಷ್ಟೂ ಬೈಗುಳ ಸಲ್ಲಬೇಕಾದ್ದೇ. ನನಗೇನು ಸಿಟ್ಟು ಬರಲಿಲ್ಲವೇ? ದ ವುಡ್‌ಲ್ಯಾಂಡ್ಸ್ ಊರಿನ ಆಫೀಸಿಗೆ ಒಂದೂಕಾಲು ಗಂಟೆ ಡ್ರೈವ್ ಮಾಡುತ್ತಾರೆ ಪಾಪ ಎಂದು ನಾವು ಮರುಗುತ್ತಿದ್ದರೆ ಇವರು ದಾರಿಯುದ್ದಕ್ಕೂ ಹೊಗೆ ಬಿಟ್ಟುಕೊಂಡು ಹೋಗುತ್ತಿದ್ದರು. ವಾಪಸು ಬರುವಾಗ ಏಲಕ್ಕಿ ಅಗಿಯುತ್ತಾ ಬರುತ್ತಿದ್ದರು. ಅಳಿಯಂದಿರಿಗೆ ಏಲಕ್ಕಿ ಎಂದರೆ ಪ್ರಾಣ ಎಂದು ನಾನು ಪಾಯಸಕ್ಕೆ ನಾಲ್ಕು ಜಾಸ್ತಿ ಕುಟ್ಟಿ ಹಾಕುತ್ತಿದ್ದೆ!

ಆಮೇಲೆ ಡಾಕ್ಟರ ಹತ್ತಿರ ಹೋದರು. ತೋಳಿಗೆ ಸಿಗರೇಟ್ ಬಿಡಿಸುವ ಪಟ್ಟಿ ಅಂಟಿಸಿದರು, ಮೈಯೆಲ್ಲ ದದ್ದು ಎದ್ದಿತು. ಅಗಿಯುವ ಗಮ್ ಕೊಟ್ಟರು, ದವಡೆ ನೋವು ಬಂತು. ಕೊನೆಗೆ ಇವರೇ ಈ ವೇಪ್ ತಂದರು. "ಇದೂ ಒಳ್ಳೇದಲ್ಲ. ಸಿಗರೇಟ್ ಪೂರ್ತಿ ಬಿಡೋದಾದ್ರೆ ಸ್ವಲ್ಪ ದಿನ ಇಟ್ಕೊಳ್ಳಿ, ಆಮೇಲೆ ಇದನ್ನೂ ಬಿಡಬೇಕು" ಎಂದು ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಹೇಳಿದರಂತೆ. ಅಷ್ಟರಲ್ಲಿ ನೀನು ಮಗಳ ಬಾಣಂತನ ಎಂದು ಅನಘಾಳ ಮನೆಗೆ ಹೊರಟೆ. ಅಲ್ಲಿಂದಲೇ ಕಟ್ಟಪ್ಪಣೆ ಮಾಡಿದೆ. ಯಾವ ರೂಪದ ಹೊಗೆಯಾದರೂ ಸರಿ, ಪೂರ್ತಿ ಬಿಡುವವರೆಗೆ ಅವರು ನಾಮಕರಣಕ್ಕೆ ಬರುವಂತಿಲ್ಲ, ಕೂಸನ್ನು ಮುಟ್ಟುವಂತಿಲ್ಲ. ಕೂಸಿಗೆ ಎರಡು ತಿಂಗಳು ತುಂಬಿತು. ಅದರ ತಾತ ಇನ್ನೂ ಫೋನಿನ ಗಾಜಿನ ಮೇಲೆಯೇ ಅದರ ಕೆನ್ನೆ ಸವರುತ್ತಿದ್ದಾರೆ.

ನೀನು ಆ ವೇಪನ್ನು ಕೈಯಲ್ಲಿ ಹಿಡಿದೂ ನೋಡಿದವಳಲ್ಲ, ಅದಕ್ಕೇ ಹೇಳುತ್ತೇನೆ. ಕೆಳಗೆ ಬ್ಯಾಟರಿ. ಮೇಲೆ ರಸ ತುಂಬುವ ಗಾಜಿನ ಕುಪ್ಪಿ. ಕುಪ್ಪಿಯ ನಡುವೆ ಬೆರಳ ಗೆಣ್ಣಿನಷ್ಟು ಒಂದು ಕೊಳವೆ, ಅದಕ್ಕೆ ಕಾಯಿಲ್ ಅನ್ನುತ್ತಾರೆ. ಅದರೊಳಗೆ ತಂತಿಯ ಸುರುಳಿ, ಸುರುಳಿಯ ಸುತ್ತ ಹತ್ತಿ. ಹತ್ತಿ ರಸ ಹೀರುತ್ತದೆ, ತಂತಿ ಕಾಯುತ್ತದೆ, ಆವಿ ಬರುತ್ತದೆ.

ಇದೆಲ್ಲ ಮೊದಲು ನನಗೂ ಗೊತ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಒಂದು ದಿನ ಅದು ಊಟದ ಮೇಜಿನ ಮೇಲೆ ರಸ ಸೋರಿಸಿಕೊಂಡು ಅಂಟಂಟಾಗಿ ಬಿದ್ದಿತ್ತು. ಇಂಥ ಕೊಳಕನ್ನು ಬಾಯಿಗಿಡುತ್ತಾರಲ್ಲ ಎಂದು ಅಸಹ್ಯವಾಗಿ, ಅವರು ಸ್ನಾನಕ್ಕೆ ಹೋದಾಗ ಬ್ಯಾಟರಿ ಬೇರೆ ಮಾಡಿ ಉಳಿದದ್ದನ್ನೆಲ್ಲ ಕುಕ್ಕರ್ ವಿಷಲ್ ತೊಳೆಯುವ ಹಾಗೆ ಸೋಪು ಹಾಕಿ ಕುದಿಸಿಬಿಟ್ಟೆ. ಹಿತ್ತಿಲ ಬಿಸಿಲಿನಲ್ಲಿ ಸಂಡಿಗೆಯಂತೆ ಒಣಗಿಸಿ ಜೋಡಿಸಿಟ್ಟೆ. ಸಂಜೆ ಅವರು ರಸ ತುಂಬಿ ಒಂದೇ ಸಲ ಎಳೆದರು ನೋಡು, ಕಣ್ಣಲ್ಲಿ ನೀರು, ಕೆಮ್ಮು, ಬಾಯೆಲ್ಲ ಸುಟ್ಟ ಬಟ್ಟೆಯ ವಾಸನೆ. ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆ ಎಂದು ಹೋದರು. ಏಲಕ್ಕಿ ಅಗಿಯುತ್ತಾ ಬಂದರು.

ನಾನು ಗರಾಜಿನ ಬಾಗಿಲಲ್ಲೇ ಅಡ್ಡ ನಿಂತೆ. "ಬಾಯಿ ತೆಗೀರಿ."

"ಅತ್ತೆ, ಬಿಡಿ."

"ತೆಗೀರಿ ಅಂದೆ. ಎಷ್ಟು ಸೇದಿದ್ರಿ?"

"ಎರಡು." ಐವತ್ತೆಂಟು ವರ್ಷದ ಮನುಷ್ಯ ಗರಾಜಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಈ ಮೆಷಿನ್ ಸರಿಯಾಗಿದ್ರೆ ಸಿಗರೇಟ್ ನೆನಪೇ ಆಗಲ್ಲ ಅತ್ತೆ. ಇದು ಸೋರಿದಾಗ, ಸುಟ್ಟ ವಾಸನೆ ಬಂದಾಗ, ತಲೆ ಕೆಟ್ಟು ಸೀದಾ ಅಂಗಡಿಗೆ ಹೋಗ್ತೀನಿ. ಕ್ಲೀನ್ ಮಾಡೋಕೆ ನಂಗೆ ಕಣ್ಣೂ ಕಾಣಲ್ಲ, ತಾಳ್ಮೇನೂ ಇಲ್ಲ."

ತ್ರಿವೇಣಿ, ಇಷ್ಟು ಸುಲಭದ ವಿಷಯ ನಿನಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಯಂತ್ರ ಕೆಟ್ಟ ದಿನವೇ ಸಿಗರೇಟ್. ಹಾಗಾದರೆ ಯಂತ್ರ ಕೆಡಬಾರದು, ಅಷ್ಟೇ ತಾನೇ? "ಏಳಿ, ಅದನ್ನ ಕೊಂಡ ಅಂಗಡಿಗೆ ನಡೀರಿ" ಎಂದೆ.

ಅಂಗಡಿಯವಳು ಎರಡು ತೋಳಿಗೂ ಹಚ್ಚೆ ಹಾಕಿಸಿಕೊಂಡ ಗಟ್ಟಿ ಹೆಂಗಸು. ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ವಯಸ್ಸಿನ ಕಾರ್ಡ್ ಕೇಳಿದಳು. ನನಗೆ ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ ಎಂದು ಅನುಮಾನವಂತೆ! ಎಪ್ಪತ್ತೊಂಬತ್ತು ಎಂದು ಬೆರಳು ಮಡಚಿ ತೋರಿಸಿದೆ. ಸ್ಟೂಲ್ ಹಾಕಿ ಕೂರಿಸಿದಳು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಿನ್ನ ಗಂಡ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಬ್ಬರ ಬಾಯನ್ನೂ ಬಿಟ್ಟು ಅವಳ ಕೈ ನೋಡುತ್ತಾ ಕೂತೆ.

ಕುಪ್ಪಿಯನ್ನು ವಾರಕ್ಕೊಮ್ಮೆ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಒಂದು ಹನಿಯೂ ಉಳಿಯದ ಹಾಗೆ ಒಣಗಿಸಬೇಕು. ಕಾಯಿಲನ್ನು ನನ್ನ ಹಾಗೆ ಕುದಿಸಬಾರದು, ಸುಟ್ಟ ರುಚಿ ಬಂದರೆ ತೆಗೆದು ಹೊಸದು ಹಾಕಬೇಕು. ಹೊಸದು ಹಾಕಿದಾಗ ಹತ್ತಿಯ ಮೇಲೆ ನಾಲ್ಕು ಹನಿ ರಸ ಬಿಟ್ಟು, ಕುಪ್ಪಿ ತುಂಬಿ, ಹತ್ತು ನಿಮಿಷ ಸುಮ್ಮನೆ ಇಡಬೇಕು. ಹತ್ತಿ ನೆನೆಯದೆ ಕಾಯಿಸಿದರೆ ಹತ್ತಿಯೇ ಸುಡುತ್ತದೆ. ಎಪ್ಪತ್ತು ವರ್ಷ ದೀಪಕ್ಕೆ ಬತ್ತಿ ಹೊಸೆದ ನನಗೆ ಇದನ್ನು ಟೆಕ್ಸಾಸಿನ ಹೆಂಗಸು ಹೇಳಿಕೊಡಬೇಕಾಯಿತಲ್ಲ ಎಂದು ಮುಖ ಸಣ್ಣದಾಯಿತು. ರಸವನ್ನು ಅಂಚಿನಲ್ಲಿ ಸುರಿಯಬೇಕು, ನಡುವಿನ ತೂತಿಗೆ ಬಿದ್ದರೆ ಬಾಯಿಗೇ ಬರುತ್ತದೆ. ಬ್ಯಾಟರಿ ಮತ್ತು ಕುಪ್ಪಿ ಸೇರುವ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಅಲ್ಲಿಗೆ ನೀರು ತಾಕಿಸಬಾರದು. ಬ್ಯಾಟರಿ ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಬಾರದು. ಹ್ಯೂಸ್ಟನ್ ಬಿಸಿಲಿನಲ್ಲಿ ಕಾರೊಳಗೆ ಬಿಟ್ಟರಂತೂ ಸಿಡಿದರೂ ಸಿಡಿಯಬಹುದು. ಇನ್ನು ಆ ರಸ, ಅದು ವಿಷ. ಮಗು ನೆಕ್ಕಿದರೆ ಪ್ರಾಣಕ್ಕೇ ಬರುತ್ತದೆ ಎಂದು ಅವಳು ಎರಡು ಸಲ ಹೇಳಿದಳು. ಹಾಗಾಗಿ ಬಾಟಲಿಗಳೆಲ್ಲ ನನ್ನ ಬೀರುವಿನಲ್ಲಿವೆ, ಬೀಗದ ಕೈ ನನ್ನ ಸೊಂಟದಲ್ಲಿದೆ.

ನನಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ. ಬಾಟಲಿಯ ಮೇಲೆ ನಿಕೋಟಿನ್ ಎಷ್ಟಿದೆ ಎಂಬ ಅಂಕಿ ಮೊದಲು ಹನ್ನೆರಡು ಇತ್ತು. ಏಪ್ರಿಲ್ ಮಧ್ಯಕ್ಕೆ ಆರು ತರಿಸಿದೆ. ಈಗ ಮೂರು. ಆ ಗರಾಜಿನ ದಿನದಿಂದ ಈಚೆಗೆ ಒಂದು ಸಿಗರೇಟ್ ಇಲ್ಲ. ಅವರ ಅಂಗಿ ಒಗೆಯಲು ಹಾಕುವವಳು ನಾನು, ನನ್ನ ಮೂಗಿಗೆ ಇನ್ನೂ ವಯಸ್ಸಾಗಿಲ್ಲ. ಹಿತ್ತಿಲಲ್ಲಿ ಸೇದಲು ಹೋದರೆ ನಾನೂ ಹೋಗಿ ಗಾಳಿಯ ಎದುರು ಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಒಬ್ಬರನ್ನೇ ಬಿಡುವುದಿಲ್ಲ. ಇದು ಅಮೃತ ಎಂದು ನಾನು ಹೇಳುತ್ತಿಲ್ಲ. ಬಿಡಬೇಕು, ಬಿಡಿಸುತ್ತೇನೆ. ಆದರೆ ಮೂವತ್ತು ವರ್ಷದ್ದು ನಿನ್ನ ಒಂದು ಗದರಿಕೆಗೆ ಹೋಗುವುದಿಲ್ಲ.

ಮೊನ್ನೆ ಶುಕ್ರವಾರ ತಟ್ಟೆಗೆ ಅನ್ನ ಹಾಕುತ್ತಿದ್ದೆ. "ಅತ್ತೆ, ನಾಮಕರಣಕ್ಕೆ ಪ್ರಥಮ್ ಜೊತೆ ನೀವು ಹೋಗಿ ಬನ್ನಿ. ನಾನು ವಿಡಿಯೋದಲ್ಲಿ ನೋಡ್ತೀನಿ. ಅವಳ ಮನಸ್ಸಿಗೆ ಯಾಕೆ ಬೇಜಾರು ಮಾಡೋದು" ಎಂದರು. ತಟ್ಟೆಯ ಕಡೆ ನೋಡಿಕೊಂಡೇ ಹೇಳಿದರು.

"ಬಾಯಿ ಮುಚ್ಚಿ, ಊಟ ಮಾಡಿ. ಕಾರು ಸರ್ವೀಸ್ ಮಾಡಿಸಿಡಿ" ಎಂದೆ. ಅಳಿಯಂದಿರಿಗೆ ಬಾಯಿ ಮುಚ್ಚಿ ಎಂದದ್ದು ಈ ಜನ್ಮದಲ್ಲಿ ಇದೇ ಮೊದಲು. ಇಬ್ಬರಿಗೂ ನಗು ಬಂತು. ಆಮೇಲೆ ಅವರು ಮೊಸರಿಗೆ ಉಪ್ಪು ಹಾಕಿಕೊಳ್ಳುವುದನ್ನೂ ಮರೆತು ಉಂಡರು.

ಈಗ ಕೇಳು. ಜೂನ್ ಒಂದನೇ ತಾರೀಖು ಭಾನುವಾರ ನಾವಿಬ್ಬರೂ ಬರುತ್ತೇವೆ. ಒಂದು ದಿನ ಮುಂಚೆ ಹೊರಟು ಹೋಟೆಲಿನಲ್ಲಿ ಉಳಿಯುತ್ತೇವೆ. ಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬರುತ್ತಾರೆ. ವೇಪ್ ಆಗಲಿ ರಸವಾಗಲಿ ಅನಘಾಳ ಹೊಸಿಲು ದಾಟುವುದಿಲ್ಲ, ಅದಕ್ಕೆ ನಾನು ಹೊಣೆ. ಇಷ್ಟಾದ ಮೇಲೂ ಅವರು ಬರಬಾರದು ಎಂದರೆ ನಾನೂ ಬರುವುದಿಲ್ಲ. ಮರಿಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಮನೆಯ ಹಿರಿಯಳು ಎಲ್ಲಿ ಎಂದು ಜನ ಕೇಳುತ್ತಾರೆ. ಅಳಿಯನ ವೇಪ್ ತೊಳೆಯುತ್ತಾ ಪೇರ್ಲ್ಯಾಂಡಿನಲ್ಲಿ ಕೂತಿದ್ದಾಳೆ ಎಂದು ನೀನೇ ಹೇಳು. ನನಗೇನೂ ನಾಚಿಕೆ ಇಲ್ಲ.

ಅನಘಾಗೆ ಮೆಂತ್ಯದ ಉಂಡೆ ತಪ್ಪಿಸಬೇಡ. ಕೂಸಿಗೆ ಎಣ್ಣೆ ಒತ್ತುವಾಗ ನೆತ್ತಿಯ ಮೇಲೆ ಕೈ ಹಗುರ ಇರಲಿ. ನಿನ್ನ ಮಂಡಿ ನೋವಿಗೆ ಡಾಕ್ಟರು ಬರೆದ ಮಾತ್ರೆ ನುಂಗುತ್ತಿದ್ದೀಯೋ, ಅಲ್ಲೂ ಹಟವೋ? ಶಿವ ನಿನಗೆ ತುಂಬಿದ ಮನೆ ಕೊಟ್ಟಿದ್ದಾನೆ, ಅದು ಹಾಗೇ ತುಂಬಿರಲಿ. ನೂರು ವರ್ಷ ಬಾಳು, ನನ್ನಷ್ಟೇ ಜೋರಾಗಿ ಬಾಳು.

ಇಂತಿ ನಿನ್ನ ಅವ್ವ,
ದಾಕ್ಷಾಯಣಿ

ವಿ. ಸೂ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ನಿಮ್ಮಪ್ಪ ಹಜಾರದ ಮಂಚದ ಮೇಲೆ ನಿದ್ದೆಯಲ್ಲೇ ಹೋದರು ಎಂದು ಹನ್ನೊಂದು ವರ್ಷದ ಹಿಂದೆ ನಿನಗೆ ಫೋನಿನಲ್ಲಿ ಹೇಳಿದೆ. ಅದು ಸುಳ್ಳು. ಊರಿನವರಿಗೂ ನಿನ್ನ ಮುಂದೆ ಬಾಯಿ ಬಿಡಬೇಡಿ ಎಂದು ನಾನೇ ಕೈ ಮುಗಿದಿದ್ದೆ. ಅವತ್ತು ಬೆಳಿಗ್ಗೆ ಅವರ ಜೇಬಿನಲ್ಲಿ ಬೀಡಿ ಕಟ್ಟು ಸಿಕ್ಕಿತು. ಹಂಡೆ ಒಲೆಗೆ ಎಸೆದೆ. ಸೇದೋದಿದ್ರೆ ಈ ಮನೆ ಮೆಟ್ಟಿಲು ಹತ್ತಬೇಡಿ, ಎಲ್ಲಾದ್ರೂ ಹೋಗಿ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಊಟದ ಹೊತ್ತಾಯಿತು, ಬರಲಿಲ್ಲ. ಹಸಿವಾದರೆ ತಾನೇ ಬರುತ್ತಾರೆ ಎಂದು ಯಾರನ್ನೂ ಕಳಿಸಲಿಲ್ಲ. ನಾನೊಬ್ಬಳೇ ಬಡಿಸಿಕೊಂಡು ಉಂಡೆ. ನಾಲ್ಕು ಗಂಟೆಗೆ ದನ ಹೊಡೆದುಕೊಂಡು ಬರುತ್ತಿದ್ದವರು ನಾಲೆಯ ಏರಿಯ ಮೇಲೆ ಅವರು ಬಿದ್ದಿದ್ದನ್ನು ನೋಡಿದರಂತೆ. ಎಷ್ಟು ಹೊತ್ತಿಗೆ ಹೋದರೋ, ನೀರು ಕೇಳಿದರೋ, ನನ್ನನ್ನು ಕೂಗಿದರೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಿನ್ನ ಗಂಡನನ್ನು ಬೈ. ನಿನ್ನ ಬಾಯಲ್ಲಿ ಎಷ್ಟಿದೆಯೋ ಅಷ್ಟೂ ಬೈ, ನಾನು ಅಡ್ಡ ಬರುವುದಿಲ್ಲ. ಆದರೆ ಒಂದನೇ ತಾರೀಖು ಎಲೆ ಹಾಕಿದಾಗ ಅವರನ್ನು ಊಟಕ್ಕೆ ನೀನೇ ಹೆಸರು ಹಿಡಿದು ಕರಿ. ನಾನು ಅವತ್ತು ಕರೆಯಲಿಲ್ಲ.